ಗಂಗೆಗೆ ಕೊಟ್ಟ ಹಾಗಲಕಾಯಿ

"ಗುರುಗಳೇ, ಚಟ ಹಿಡಿಸಿಕೊಂಡವನೂ ನಾನೇ, ಬಿಟ್ಟವನೂ ನಾನೇ. ಇದರಲ್ಲಿ ಬೇರೆಯವರ ಉಪಕಾರ ಎಲ್ಲಿಂದ ಬಂತು?"

ಕೇಳಿದವನು ವರದಯ್ಯ ಎಂಬ ಶಿಷ್ಯ. ಊಟವಾದ ಮೇಲೆ ಬಣ್ಣದ ಸೋಡಾ ಕುಡಿಯದಿದ್ದರೆ ಅವನಿಗೆ ಉಂಡದ್ದು ಉಂಡಂತೆಯೇ ಆಗುತ್ತಿರಲಿಲ್ಲ. ಈಗ ಅದನ್ನು ಬಿಟ್ಟಿದ್ದ. ಹೊಟ್ಟೆ ಕರಗಿತ್ತು, ನಿದ್ದೆ ಚೆನ್ನಾಗಿ ಬರುತ್ತಿತ್ತು, ಏದುಸಿರು ನಿಂತಿತ್ತು. ಮಠದ ಮೆಟ್ಟಿಲನ್ನು ಸರಸರನೆ ಹತ್ತಿ, ಯಾರಾದರೂ ನೋಡಿದರೇ ಎಂದು ಒಮ್ಮೆ ಸುತ್ತ ನೋಡುತ್ತಿದ್ದ. ನೋಡಿದವರು "ಮನೆಯವರ ಪುಣ್ಯ ಕಣಪ್ಪ" ಎಂದರೆ ಅವನಿಗೆ ಸಿಟ್ಟು. ಕಷ್ಟಪಟ್ಟು ಬಿಟ್ಟವನು ತಾನು, ಪುಣ್ಯ ಮಾತ್ರ ಮನೆಯವರದೇ?

ಅವನ ಹೆಂಡತಿ ಹಣ್ಣಿನ ತಟ್ಟೆ ಹಿಡಿದು ಹಿಂದೆ ನಿಂತಿದ್ದಳು.

ಗುರುಗಳು ತಟ್ಟೆಯನ್ನು ಪಕ್ಕಕ್ಕೆ ಇರಿಸಿ, ಇಬ್ಬರನ್ನೂ ಕೂರಿಸಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಅಂಗಡಿಯ ಎದುರಿಗೇ ಒಬ್ಬ ಹೆಂಗಸಿನ ಸೋಡಾ ಅಂಗಡಿ. ವ್ಯಾಪಾರಿಗೆ ಬೆಳಗ್ಗೆ ಬಾಗಿಲು ತೆರೆದರೆ ಒಂದು ಸಿಹಿ ಸೋಡಾ, ಗಿರಾಕಿ ಬಂದರೆ ಖುಷಿಗೆ ಒಂದು, ಬಾರದಿದ್ದರೆ ಬೇಸರಕ್ಕೆ ಒಂದು. ಊಟದ ಮೇಲಿನದಂತೂ ಲೆಕ್ಕಕ್ಕೇ ಇಲ್ಲ, ಅದು ಊಟದ ಪಾಲು. ಕುಡಿದಷ್ಟೂ ಬಾಯಾರಿಕೆ ಹೆಚ್ಚಾಗುತ್ತಿತ್ತು. ಬಾಯಾರಿಕೆ ಹೆಚ್ಚಾದಷ್ಟೂ ಅವನು ಕುಡಿಯುತ್ತಿದ್ದ.

ಒಮ್ಮೆ ಅವನು ಹೆಂಡತಿಯೊಡನೆ ಕಾಶಿಗೆ ಹೋದ. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಅಲ್ಲೇ ಬಿಟ್ಟು ಬರುವುದು ವಾಡಿಕೆ. ಬಿಟ್ಟ ಮೇಲೆ ಬದುಕಿರುವ ತನಕ ಅದನ್ನು ಮುಟ್ಟುವಂತಿಲ್ಲ. ಗಂಗೆಯಲ್ಲಿ ಮಿಂದು, ಬೊಗಸೆಯಲ್ಲಿ ನೀರು ಹಿಡಿದು ನಿಂತಾಗ ಪುರೋಹಿತರು ಕೇಳಿದರು, "ಏನು ಬಿಡುತ್ತೀರಿ?"

ವ್ಯಾಪಾರಿಯ ಮನಸ್ಸಿಗೆ ಮೊದಲು ಬಂದದ್ದು ಸೋಡಾ. ಬಂದ ಕೂಡಲೇ ಅವನಿಗೆ ಗಂಟಲು ಒಣಗಿತು. ಎದುರಿಗೆ ಗಂಗೆಯೇ ಹರಿಯುತ್ತಿದ್ದರೂ ಒಣಗಿತು.

"ಹಾಗಲಕಾಯಿ" ಎಂದ.

ಹಾಗಲಕಾಯಿಯನ್ನು ಅವನು ಹುಟ್ಟಿದಾಗಿನಿಂದ ಬಾಯಿಗೆ ಇಟ್ಟವನಲ್ಲ. ಹೆಂಡತಿ ತಿರುಗಿ ಅವನ ಮುಖ ನೋಡಿದಳು. ಆಮೇಲೆ ತನ್ನ ಬೊಗಸೆಯ ನೀರನ್ನು ಏನೋ ಮೆಲ್ಲಗೆ ಹೇಳಿ ಬಿಟ್ಟಳು. ಅವಳು ಏನು ಬಿಟ್ಟಳೆಂದು ವ್ಯಾಪಾರಿ ಕೇಳಲಿಲ್ಲ. ಅವನ ಕಣ್ಣು ಆಗಲೇ ಘಾಟಿನ ಮೆಟ್ಟಿಲ ಮೇಲೆ ಸೋಡಾ ಮಾರುವವನ ಕಡೆಗಿತ್ತು.

ಊರಿಗೆ ಬಂದು ಕೆಲವು ಕಾಲ ಕಳೆಯಿತು. ಅಂಗಡಿಯಲ್ಲಿ ಒಂದು ತಪ್ಪಲೆ ಜಾರಿ ಅವನ ಕಾಲ್ಬೆರಳ ಮೇಲೆ ಬಿತ್ತು. ಸಣ್ಣ ಗಾಯ. ವಾಸಿಯಾಗಲಿಲ್ಲ, ಹುಣ್ಣಾಯಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿ ಸಕ್ಕರೆ ಕಾಯಿಲೆ ಎಂದರು. ಮಾತ್ರೆ ಕೊಟ್ಟರು. "ಸಿಹಿ ಸೋಡಾ ಬಿಡದಿದ್ದರೆ ನನ್ನ ಮಾತ್ರೆ ಏನೂ ಮಾಡಲಾರದು. ಮೊದಲು ಬೆರಳು ಹೋಗುತ್ತದೆ, ಅದರ ಹಿಂದೆಯೇ ಪಾದ. ಸೊಪ್ಪು, ಹಾಗಲಕಾಯಿ ಇಂಥದ್ದು ಹೆಚ್ಚಾಗಿ ತಿನ್ನಿ" ಎಂದರು.

ದಾರಿಯಲ್ಲಿ ಹೆಂಡತಿ ಕೇಳಿದಳು, "ಏನ್ರೀ, ಹಾಗಲಕಾಯಿ ವಾಪಸ್ಸು ಕೊಡು ಅಂತ ಗಂಗಮ್ಮನಿಗೆ ಹೇಳಿ ಕಳಿಸೋಣವೇ?"

ಪಾದವಿಲ್ಲದ ಮನುಷ್ಯ ಅಟ್ಟದ ಮೇಲಿನ ಪಾತ್ರೆ ಇಳಿಸುವುದು ಹೇಗೆ ಎಂದು ವ್ಯಾಪಾರಿ ಯೋಚಿಸುತ್ತಿದ್ದ. ಇನ್ನು ಸೋಡಾ ಮುಟ್ಟುವುದಿಲ್ಲ ಎಂದು ಆ ಸಂಜೆ ದೇವರ ಮುಂದೆ ಆಣೆ ಇಟ್ಟ. ಮರುದಿನ ಊಟವಾಗುತ್ತಲೇ, ಆ ಹುಣ್ಣಿನ ಕಾಲೇ ಅವನನ್ನು ಸೋಡಾ ಅಂಗಡಿಗೆ ಎಳೆದುಕೊಂಡು ಹೋಯಿತು.

"ಮುಗಿದಿದೆ ಅಣ್ಣಾ" ಎಂದಳು ಸೋಡಾ ಅಂಗಡಿಯವಳು.

"ಮುಗಿದಿದೆಯೇ? ಪೆಟ್ಟಿಗೆ ತುಂಬ ಇವೆಯಲ್ಲ!"

"ಅವು ಎರಡು ಕಾಲಿಗೂ ಚಪ್ಪಲಿ ಹಾಕಿಕೊಂಡು ಬರುವವರಿಗೆ. ನಮ್ಮಪ್ಪನೂ ನಿಮ್ಮ ಹಾಗೇ ಬೆರಳಿಗೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದ. ಆಮೇಲೆ ಓಡಾಡಲಿಲ್ಲ." ಇಷ್ಟು ಹೇಳಿ ಅವಳು ಪೆಟ್ಟಿಗೆಗೆ ಬೀಗ ಹಾಕಿ, ಮಡಕೆಯ ನೀರಿಗೆ ನಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ ಲೋಟ ಮುಂದಿಟ್ಟಳು.

ವ್ಯಾಪಾರಿ ಕೂಗಾಡಿದ. ನಿನ್ನ ಅಂಗಡಿ ನಡೆಯುವುದೇ ನನ್ನಿಂದ ಎಂದ. "ಹೌದು" ಎಂದಳು ಅವಳು. ಬೀಗ ಮಾತ್ರ ತೆಗೆಯಲಿಲ್ಲ. ಬೇರೆ ಅಂಗಡಿ ಇರಲಿಲ್ಲವೇ? ಬಸ್ ನಿಲ್ದಾಣದ ಹತ್ತಿರ ಇತ್ತು. ಆದರೆ ಹುಣ್ಣಿನ ಕಾಲಿನಲ್ಲಿ ಅಷ್ಟು ದೂರ ನಡೆಯುವಷ್ಟು ದೊಡ್ಡ ಚಟ ಯಾರಿಗೂ ಇರುವುದಿಲ್ಲ. ಅವನು ಬೈದುಕೊಂಡೇ ನಿಂಬೆ ನೀರು ಕುಡಿದ. ಮರುದಿನವೂ ಬೈದ, ಕುಡಿದ. ಬರಬರುತ್ತ ಬೈಯುವುದು ಕಡಿಮೆಯಾಯಿತು. ಬಾಯಾರಿಕೆಯೂ ಕಡಿಮೆಯಾಯಿತು. ಹುಣ್ಣು ಒಣಗಿತು. ಒಂದು ಬೆಳಗ್ಗೆ ಅವನು ಎರಡೂ ಕಾಲಿಗೆ ಚಪ್ಪಲಿ ಮೆಟ್ಟಿ ಅಂಗಡಿಗೆ ನಡೆದುಹೋದ. ಆವತ್ತು ಸೋಡಾ ಅಂಗಡಿಯವಳು ಬೀಗ ತೆಗೆದು ಕಾದಳು. ಅವನು ತಾನಾಗಿಯೇ ನಿಂಬೆ ನೀರು ಕೇಳಿದ.

ಕಾಲು ನೆಟ್ಟಗಾಗುತ್ತಲೇ ಅವನ ನಾಲಗೆ ಉದ್ದವಾಯಿತು. ತಪ್ಪಲೆ ಕೊಳ್ಳಲು ಬಂದವರಿಗೆ ತಪ್ಪಲೆಗಿಂತ ಮೊದಲು ತನ್ನ ಮನೋಬಲವನ್ನು ತೋರಿಸುತ್ತಿದ್ದ. ಯುಗಾದಿ ಬಂದಾಗ, ತಾನು ಗೆದ್ದ ಸಂತೋಷಕ್ಕೆಂದು ಬೀದಿಯವರನ್ನೆಲ್ಲ ಊಟಕ್ಕೆ ಕರೆದ. ಎಲೆ ಹಾಕಿ ಎಲ್ಲರನ್ನೂ ಕೂರಿಸಿದ ಮೇಲೆ ಹೇಳಿದ, "ಮನಸ್ಸು ಗಟ್ಟಿ ಇರಬೇಕು ನೋಡಿ. ನಾನು ಬಿಡಲಿಲ್ಲವೇ?"

ಸಾಲಿನ ಕೊನೆಯಿಂದ ಸೋಡಾ ಅಂಗಡಿಯವಳು ಕೇಳಿದಳು, "ಅಣ್ಣಾ, ನಿಮ್ಮ ಮನಸ್ಸು ಗಟ್ಟಿಯೋ, ನನ್ನ ಪೆಟ್ಟಿಗೆಯ ಬೀಗ ಗಟ್ಟಿಯೋ?"

ಎಲ್ಲರೂ ನಕ್ಕರು. ವ್ಯಾಪಾರಿಯೂ ನಗಲೇಬೇಕಾಯಿತು. ಆ ನಗುವಿನಲ್ಲೇ ಸೋಡಾ ಅಂಗಡಿಯವಳು, ಬಡಿಸುತ್ತಿದ್ದ ಅವನ ಹೆಂಡತಿಯನ್ನು ಕೈಹಿಡಿದು ತನ್ನ ಪಕ್ಕಕ್ಕೆ ಕೂರಿಸಿದಳು. "ನೀವೂ ಉಣ್ಣಿ ಅಕ್ಕಾ, ಬೆಳಗಿನಿಂದ ಒಲೆಯ ಮುಂದೆ ಬೆಂದಿದ್ದೀರಿ" ಎಂದು ಅವಳ ಎಲೆಗೆ ಒಂದು ಹೋಳಿಗೆ ಹಾಕಲು ಹೋದಳು. ಹೆಂಡತಿ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದಳು.

"ಯಾಕೆ?" ಎಂದ ವ್ಯಾಪಾರಿ. "ಹೋಳಿಗೆ ಅಂದರೆ ಪ್ರಾಣ ಬಿಡುವವಳು ನೀನು."

"ನೀವು ಗಂಗಮ್ಮನಿಗೆ ಹಾಗಲಕಾಯಿ ಕೊಟ್ಟು ಟೋಪಿ ಹಾಕಿದಿರಿ. ಒಂದು ಮನೆಯಿಂದ ಒಬ್ಬರಾದರೂ ನಿಜ ಹೇಳಬೇಕಲ್ಲ? ಅದಕ್ಕೆ ನಾನು ಹೋಳಿಗೆ ಬಿಟ್ಟೆ. ಇವರ ತಪ್ಪನ್ನು ಇವರ ಮೈಮೇಲೆ ಹಾಕಬೇಡ ತಾಯಿ ಅಂತ ಕೇಳಿಕೊಂಡೆ."

ವ್ಯಾಪಾರಿಗೆ ಕಾಶಿಯಿಂದ ಬಂದ ಮೇಲಿನ ಹಬ್ಬಗಳೆಲ್ಲ ನೆನಪಾದವು. ಹಬ್ಬ ಹಬ್ಬಕ್ಕೂ ಅವಳು ಹೂರಣ ರುಬ್ಬಿದ್ದಳು, ಹೋಳಿಗೆ ತಟ್ಟಿದ್ದಳು, ಬಿಸಿಬಿಸಿಯಾಗಿ ಅವನ ಎಲೆಗೆ ಹಾಕಿ ತುಪ್ಪ ಬಡಿಸಿದ್ದಳು. ಅವಳು ಒಳಗೆ ಆಮೇಲೆ ಉಣ್ಣುತ್ತಾಳೆ ಎಂದುಕೊಂಡು ಅವನು ಕೈ ತೊಳೆದು ಎದ್ದಿದ್ದ. ಅವಳ ಎಲೆಯಲ್ಲಿ ಏನಿದೆ ಎಂದು ಒಂದು ಸಲವೂ ನೋಡಿರಲಿಲ್ಲ.

ಅವನು ಎದ್ದ. ಹೆಂಡತಿಯ ಪಕ್ಕದಿಂದ ಹೋಳಿಗೆಯ ಬುಟ್ಟಿ ಎತ್ತಿಕೊಂಡು, ಊಟಕ್ಕೆ ಬಂದವರಿಗೆಲ್ಲ ತಾನೇ ಬಡಿಸಿದ. ಸೋಡಾ ಅಂಗಡಿಯವಳ ಮುಂದೆ ನಿಂತು ಅವಳ ಎಲೆಗೆ ಹೋಳಿಗೆ ಹಾಕಿದ, ಸಾಕು ಸಾಕು ಎಂದರೂ ಮತ್ತೆ ಹಾಕಿದ. ಹೇಳಬೇಕಾದದ್ದು ಬಾಯಿಗೆ ಬರದೆ ತುಪ್ಪವನ್ನು ಎಲೆಯಾಚೆ ಹರಿಯುವಷ್ಟು ಸುರಿದ. ಅವಳಿಗೆ ಅರ್ಥವಾಯಿತು.

ಎಲ್ಲರೂ ಹೋದ ಮೇಲೆ ಗಂಡ ಹೆಂಡತಿ ಎದುರುಬದುರು ಕುಳಿತರು. ಇಬ್ಬರ ಎಲೆಯಲ್ಲೂ ಹೋಳಿಗೆ ಇರಲಿಲ್ಲ. ಬೇವು ಬೆಲ್ಲದ ಬಟ್ಟಲಿನಿಂದ ಅವನು ಬೆಲ್ಲವನ್ನು ಸರಿಸಿ ಬೇವನ್ನು ಮಾತ್ರ ಬಾಯಿಗೆ ಹಾಕಿಕೊಂಡ. ಮುಖ ಕಿವುಚಲಿಲ್ಲ.

"ಹಾಗಲಕಾಯಿ ಗಂಗೆಯ ಪಾಲಾಯಿತು, ಸದ್ಯ, ಬೇವಾದರೂ ಮಿಕ್ಕಿತು" ಎಂದಳು ಹೆಂಡತಿ.

ಅವನು ಅವಳ ಎಲೆಯನ್ನು ನೋಡುತ್ತಿದ್ದ. "ಅನ್ನ ಹಾಕಲೇ?" ಎಂದು ಕೇಳಿದ. ಆ ಮನೆಯಲ್ಲಿ ಆ ಮಾತನ್ನು ಅವನು ಆಡಿದ್ದು ಅದೇ ಮೊದಲು.

ಗುರುಗಳು ಕತೆ ಮುಗಿಸಿ ಹಣ್ಣಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ವರದಯ್ಯ ನಗುತ್ತಿದ್ದ. ವ್ಯಾಪಾರಿಯ ದಡ್ಡತನ ಅವನಿಗೆ ಬಹಳ ಹಿಡಿಸಿತ್ತು.

ಗುರುಗಳು ಒಂದು ಹಣ್ಣನ್ನು ಅವನ ಹೆಂಡತಿಯ ಕೈಗೆ ಕೊಟ್ಟು, ಅವನ ಕಡೆ ತಿರುಗಿ ಕೇಳಿದರು, "ವರದಯ್ಯ, ನಿನಗಾಗಿ ಈಕೆ ಏನು ಬಿಟ್ಟಿದ್ದಾಳೆ, ಹೇಳು ನೋಡೋಣ?"