ಲಂಗರಗುಡ್ಡದ ದಳವಾಯಿ

ಕಡೆಬೇಲೆಯಲ್ಲಿ ಬಸ್ಸಿಳಿದು ಸಮುದ್ರಕ್ಕೆ ಬೆನ್ನು ಹಾಕಿ ನಿಂತರೆ ಎದುರಿಗೆ ಕಾಣುವ ಕೆಂಪು ಕಲ್ಲಿನ ಗುಡ್ಡವೇ ಲಂಗರಗುಡ್ಡ. ನೆತ್ತಿಯ ಮೇಲೆ ಒಂದು ಮೊಬೈಲ್ ಟವರ್, ಅದರ ಬುಡದಲ್ಲಿ ಮೆಲುಕು ಹಾಕುತ್ತ ಮಲಗಿದ ಎಮ್ಮೆಗಳು, ಇಳಿಜಾರಿನ ತುಂಬ ಗೇರುಗಿಡಗಳು. ತುದಿಗೆ ಸ್ವಲ್ಪ ಕೆಳಗೆ, ಬಂಡೆಗೆ ಕಚ್ಚಿಕೊಂಡು ಆಳೆತ್ತರದ ಕಬ್ಬಿಣದ ಲಂಗರೊಂದು ನಿಂತಿದೆ. ಸಮುದ್ರವೇನೋ ಕೂಗಳತೆಯಲ್ಲೇ ಇದೆ, ಆದರೆ ಕೆಳಗಿದೆ. ಪ್ರಳಯಕಾಲದಲ್ಲಿ ನೀರು ಇಲ್ಲಿಯತನಕ ಏರಿತ್ತು ಎಂದು ಹೇಳುವವರಿದ್ದಾರೆ. ಅವರು ಹೊಳೆಯಾಚೆಯವರು, ಅವರ ಮಾತು ನಂಬುವಂಥದ್ದಲ್ಲ. ನಡೆದದ್ದು ನಡೆದ ಹಾಗೆ ಗೊತ್ತಿರುವುದು ನಮ್ಮೂರಿನವರಿಗೆ ಮಾತ್ರ.

ಹಿಂದೆ ಒಮ್ಮೆ, ಕರಾವಳಿಯ ಈ ತುಂಡನ್ನು ಒಬ್ಬ ರಾಣಿ ಆಳುತ್ತಿದ್ದ ಕಾಲದಲ್ಲಿ, ಜಟ್ಟಪ್ಪ ತಾಂಡೇಲನೆಂಬವನು ಅವಳ ಹಡಗುಪಡೆಯ ದಳವಾಯಿಯಾಗಿದ್ದನು. ಹಡಗುಪಡೆಯೆಂದರೆ ಒಂದು ದೊಡ್ಡ ಹಡಗು, ಅದರ ಹಿಂದೆ ಬೈಗುಳ ತಿನ್ನುತ್ತ ಬರುವ ಕೆಲವು ದೋಣಿಗಳು. ಹಗ್ಗ ಎಳೆಯುವ ಆಳಾಗಿ ಸೇರಿ, ಚುಕ್ಕಾಣಿ ಹಿಡಿದು, ಕೊನೆಗೆ ದಳವಾಯಿಯ ಬೆಳ್ಳಿಕಟ್ಟಿನ ಬೆತ್ತ ಹಿಡಿಯುವ ತನಕ ಏರಿದವನು ಈ ಜಟ್ಟಪ್ಪ. ಅವನು ಗೆದ್ದ ಯುದ್ಧಗಳಲ್ಲಿ ಕೆಲವು ಎದುರಾಳಿಗಳಿಗೇ ಗೊತ್ತಿರಲಿಲ್ಲ ಎನ್ನುತ್ತಾರೆ. ಮನೆಯಲ್ಲಿ ಮಲಗಿದರೆ ನೆಲ ಅಲುಗಾಡುವುದಿಲ್ಲವೆಂದು ನಿದ್ದೆ ಬಾರದೆ, ಹೆಂಡತಿ ದುರ್ಗಮ್ಮನಿಂದ ಮಂಚ ತೂಗಿಸಿಕೊಳ್ಳುತ್ತಿದ್ದನೆಂಬ ಮಾತೂ ಉಂಟು. ಅದು ದುರ್ಗಮ್ಮನ ತವರಿನವರು ಹಬ್ಬಿಸಿದ್ದು.

ಮಳೆಗಾಲದಲ್ಲಿ ನಮ್ಮ ಕಡಲು ಮುಚ್ಚಿರುತ್ತದೆ. ಹಡಗು ದೋಣಿಗಳನ್ನೆಲ್ಲ ದಡಕ್ಕೆಳೆದು ಹೆಣೆದ ತೆಂಗಿನ ಗರಿ ಹೊದಿಸಿಡುತ್ತಾರೆ. ನೂಲ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಒಪ್ಪಿಸಿದ ಮೇಲೆಯೇ ಅವು ನೀರಿಗಿಳಿಯಬೇಕು, ಅದಕ್ಕೆ ಮುಂಚೆ ಅರಮನೆಯ ಅಪ್ಪಣೆಯೂ ನಡೆಯದು. ಅಂಥದೊಂದು ಮಳೆಗಾಲದಲ್ಲಿ, ತಲೆ ಪೂರ್ತಿ ಬೆಳ್ಳಗಾಗಿದ್ದ ಜಟ್ಟಪ್ಪನಿಗೆ ಅರಮನೆಯಿಂದ ಮಾತು ಬಂತು: ಈ ಸಲ ದೊಡ್ಡ ಹಡಗು ನೀರಿಗಿಳಿದ ಕೂಡಲೇ ಬೆತ್ತವನ್ನು ರಾಣಿಯ ಸೋದರಳಿಯ ವೀರರಸನಿಗೆ ಒಪ್ಪಿಸಿ ಮನೆಗೆ ಹೋಗತಕ್ಕದ್ದು. ಜಟ್ಟಪ್ಪ ಎದುರಾಡಲಿಲ್ಲ. ಆದರೆ ಅಂದಿನಿಂದ ದಿನವೆಲ್ಲ ದಡದ ಮೇಲಿನ ಹಡಗಿನಲ್ಲೇ, ಗರಿಯ ಮಾಡಿನಡಿ ಕೂತಿರತೊಡಗಿದ. ದುರ್ಗಮ್ಮ ಬಂದು, "ಕಡಲಲ್ಲಿದ್ದಾಗಂತೂ ಮನೆಗೆ ಬರಲಿಲ್ಲ, ದಡದಲ್ಲಿದ್ದರೂ ಬರುವುದಿಲ್ಲವೋ?" ಎಂದಳು. "ಇನ್ನು ನಾಲ್ಕು ದಿನ. ಆಮೇಲೆ ನಿನ್ನ ಜಗಲಿ ಇದ್ದೇ ಇದೆಯಲ್ಲ" ಎಂದನಂತೆ. ಜಗಲಿ ಎಂಬ ಮಾತನ್ನು ಸೆರೆಮನೆ ಎಂಬ ಹಾಗೆ ಹೇಳಿದನೆಂದು ದುರ್ಗಮ್ಮ ಕೊನೆಯ ತನಕ ಆಡಿಕೊಳ್ಳುತ್ತಿದ್ದಳು.

ಹುಣ್ಣಿಮೆ ಹತ್ತಿರ ಬಂದಿತ್ತು, ಮಳೆ ಬಿಟ್ಟು ಗರಿಗಳೆಲ್ಲ ಒಣಗಿದ್ದವು. ಆಗ ಒಂದು ಬೆಳಗ್ಗೆ ಕಡಲುಗಳ್ಳರ ಹಡಗುಗಳು ಕಾಣಿಸಿಕೊಂಡವು. ದಡದಲ್ಲಿ ಮಲಗಿದ ಹಡಗಿಗೆ ಒಂದು ಕೊಳ್ಳಿ ಸಾಕೆಂಬುದು ಅವರ ಎಣಿಕೆ. ಹೊಳೆ ಕಡಲು ಸೇರುವ ಅಳಿವೆ ದಾಟಲು ಭರತದ ನೀರು ಉಬ್ಬಿ ಏರುವುದನ್ನು ಕಾಯುತ್ತ ನಿಂತರು. ಚುಕ್ಕಾಣಿಯ ದೇಮ ಜಟ್ಟಪ್ಪನ ಕಿವಿಯ ಹತ್ತಿರ ಬಂದ.

"ಒಡೆಯಾ, ಸುಮ್ಮನಿದ್ದುಬಿಡಿ. ಹಡಗು ಸುಟ್ಟುಹೋದರೆ ನೀರಿಗಿಳಿಯುವುದು ಎಲ್ಲಿ ಬಂತು? ಬೆತ್ತ ನಿಮ್ಮ ಕೈಯಲ್ಲೇ ಉಳೀತದೆ."

"ಹಡಗಿಲ್ಲದ ಬೆತ್ತ ಎಮ್ಮೆ ಕಾಯಲಿಕ್ಕೆ ಆದೀತು. ಏಳು, ಗುಡ್ಡಕ್ಕೆ ಎಳೆಯುವ."

ದಿಮ್ಮಿಗಳನ್ನು ಸಾಲಾಗಿ ಹಾಸಿ, ಊರಿನ ಮೀನೆಣ್ಣೆಯನ್ನೆಲ್ಲ ಅವುಗಳ ಮೇಲೆ ಸುರಿದರು. ಗಂಡಸರು ಮುಂದಿನಿಂದ ಹಗ್ಗ ಹಿಡಿದರೆ ಹೆಂಗಸರು ಹಿಂದಿನಿಂದ ಹೆಗಲು ಕೊಟ್ಟರು. ಲಂಗರನ್ನಾದರೂ ಇಳಿಸಿ ಹಗುರ ಮಾಡೋಣ, ಗುಡ್ಡದಲ್ಲಿ ಅದು ಎಂತಕೆ ಎಂದು ದೇಮ ಗೊಣಗಿದ. "ಲಂಗರಿಲ್ಲದೆ ಹಡಗು ಹೊರಡಿಸಿದ ದಳವಾಯಿ ಎಂದು ನಾಳೆ ನಿನ್ನ ಮೊಮ್ಮಕ್ಕಳು ನಗಲಿಕ್ಕೋ?" ಎಂದು ಜಟ್ಟಪ್ಪ ಬಾಯಿ ಮುಚ್ಚಿಸಿದ. ಅರ್ಧ ಗುಡ್ಡದಲ್ಲಿ ಎಲ್ಲರಿಗೂ ಉಸಿರು ಮುಗಿಯಿತು. ಜಟ್ಟಪ್ಪ ಮೂಗು ಮೇಲೆತ್ತಿ ನೋಡಿದ. ಕಡಲ ಕಡೆಯಿಂದ ಒಳನಾಡಿಗೆ ಗಾಳಿ ಭರ್ಜರಿಯಾಗಿ ಬೀಸುತ್ತಿತ್ತು. "ಹಾಯಿ ಬಿಚ್ಚಿ" ಎಂದ. ಹಾಯಿ ಉಬ್ಬಿತು, ಹಡಗು ನರಳುತ್ತ ಗುಡ್ಡ ಹತ್ತತೊಡಗಿತು. ಹಾರಿತು ಎನ್ನುವವರೂ ಇದ್ದಾರೆ. ಅದು ಅತಿಯಾಯಿತು, ಬುಡ ಹೆಚ್ಚುಕಡಿಮೆ ನೆಲಕ್ಕೆ ತಾಗಿಯೇ ಇತ್ತು.

ಇನ್ನೇನು ತುದಿ ಎನ್ನುವಾಗ ಗಾಳಿ ಬಿದ್ದುಹೋಯಿತು. ಮೇಲೆ ಹತ್ತಿಸಿದ ಎಣ್ಣೆಯೇ ಈಗ ಕೆಳಗೆ ಜಾರಿಸತೊಡಗಿತು. ಹಿಂದೆ ದುರ್ಗಮ್ಮ ಮತ್ತು ಊರಿನ ಹೆಂಗಸರಿದ್ದರು. "ಲಂಗರು" ಎಂದು ಜಟ್ಟಪ್ಪ ಕೂಗಿದ ದನಿಗೆ ಗುಡ್ಡದ ಕಾಗೆಗಳೆಲ್ಲ ಎದ್ದವು. ಬಿದ್ದ ಲಂಗರು ಬಂಡೆಯನ್ನು ಸೀಳಿ ಕಚ್ಚಿತು, ಹಗ್ಗ ಬಿಗಿಯಿತು, ಹಡಗು ನಿಂತಿತು. ದುರ್ಗಮ್ಮ ಹಿಂದಿನಿಂದ ಬಂದು ಸೆರಗು ಕೊಡವಿಕೊಂಡು, "ಕಟ್ಟಿಕೊಂಡವಳ ಮೇಲೆ ಹಡಗು ಬಿಡುವುದು ಯಾವ ಸೀಮೆಯ ದಳವಾಯಿಗಿರಿ?" ಎಂದಳು. ಜಟ್ಟಪ್ಪ ಬೆತ್ತ ಕೆಳಗಿಟ್ಟ. ಅವಳ ಕೈ ಹಿಡಿದು ಹಾಗೇ ಕೂತುಬಿಟ್ಟ. ಅತ್ತ ಕಡಲುಗಳ್ಳರು ಹಾಯಿ ಬಿಚ್ಚಿಕೊಂಡು ಗುಡ್ಡ ಹತ್ತುವ ಹಡಗನ್ನು ಕಣ್ಣಾರೆ ಕಂಡಿದ್ದರು. ನೆಲದ ಮೇಲೂ ಹಡಗು ನಡೆಸುವವರು ತಮ್ಮನ್ನು ಎಲ್ಲಿಯತನಕ ಅಟ್ಟಿಕೊಂಡು ಬಂದಾರೋ ಎಂದು ಹೆದರಿ ಓಡಿದವರು ಮತ್ತೆ ಇತ್ತ ತಲೆ ಹಾಕಲಿಲ್ಲ.

ನೂಲ ಹುಣ್ಣಿಮೆಗೆ ರಾಣಿ ಬಂದಳು, ಜೊತೆಗೆ ವೀರರಸನೂ ಬಂದ. ದೋಣಿ ಕಂಡರೇ ವಾಂತಿ ಮಾಡಿಕೊಳ್ಳುವ ಹುಡುಗ ಅವನು. ಲಂಗರು ಕೀಳಬೇಕೆಂದಾಗ ತಾನೇ ಮುಂದೆ ಬಂದು, ಎರಡು ಬೆರಳಲ್ಲಿ ಮುಟ್ಟಿ, "ಸಾಧ್ಯವೇ ಇಲ್ಲ ಅತ್ತೆ" ಎಂದ. ರಾಣಿಗೆ ಎಲ್ಲ ಅರ್ಥವಾಯಿತು. "ಹಡಗು ನೀರಿಗಿಳಿದ ಮೇಲೆ ಬೆತ್ತ ಎಂದಿದ್ದೆನಲ್ಲ, ಇಳಿಯಲಿ, ಆಗ ನೋಡುವ" ಎಂದು ಪಲ್ಲಕ್ಕಿ ಹತ್ತಿದಳು. ಜಟ್ಟಪ್ಪ ಗುಡ್ಡದ ಮೇಲಿನ ಹಡಗಿನಿಂದಲೇ ಕಡಲಿನ ದೋಣಿಗಳಿಗೆ ಅಪ್ಪಣೆ ಕೊಡುತ್ತ, ದುರ್ಗಮ್ಮ ಹೊತ್ತು ತಂದ ಬಿಸಿ ಮೀನುಸಾರು ಉಣ್ಣುತ್ತ ಬಾಳಿದ. ಅವನು ಹೋದ ಮೇಲೆ ಹಲಗೆಗಳು ಒಂದೊಂದಾಗಿ ಊರಿನ ಬಾಗಿಲುಗಳಾದವು. ಲಂಗರನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಈಗಲೂ ರಜಾದಿನಗಳಲ್ಲಿ ಬರುವ ಪ್ರವಾಸಿಗರು ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತೋಳುಬಲ ತೋರಿಸಲು ಯಾರಾದರೊಬ್ಬ ಅದನ್ನು ಅಲುಗಾಡಿಸಲಿಕ್ಕೆ ಹೋದರೆ, ಅಲ್ಲೇ ಸೊಪ್ಪು ಕೊಯ್ಯುವ ಹೆಂಗಸರು ಕತ್ತಿ ಕೆಳಗಿಟ್ಟು ಹೇಳುತ್ತಾರೆ: "ಎಳೆಯಬೇಡಿ ಮಾರಾಯರೆ, ಮುದುಕನ ಕೆಲಸ ಹೋಗ್ತದೆ."