ಅರ್ಧ ಬೆಲೆಯ ಮಾಲ್

ಚನ್ನವೀರ ಗುರುಗಳ ಮುಂದೆ ಕುಳಿತು ಕೇಳಿದ: "ಬುದ್ಧಿ, ನಮ್ಮ ಊರು ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಇಂಥ ಊರಲ್ಲಿ ಔಟ್‌ಲೆಟ್ ಮಾಲ್ ಕಟ್ಟಿದರೆ ನಡೆದೀತೇ? ದೊಡ್ಡ ಕಂಪನಿಗಳಲ್ಲಿ ಮಿಕ್ಕ ಬಟ್ಟೆಯನ್ನು ಅರ್ಧ ಬೆಲೆಗೆ ಮಾರುವ ಮಾಲ್. ಬೈಪಾಸ್ ಪಕ್ಕದಲ್ಲಿ ನಮ್ಮದೇ ಜಾಗವಿದೆ. ತಮ್ಮ ಅಪ್ಪಣೆಯಾದರೆ ಶ್ರಾವಣದಲ್ಲಿ ಪಾಯ ಹಾಕಿಸುತ್ತೇನೆ."

ಗುರುಗಳು ಒಂದು ಕತೆ ಹೇಳತೊಡಗಿದರು.

ನಿಮ್ಮೂರಿನಂಥದೇ ಒಂದು ಊರಲ್ಲಿ ಒಬ್ಬ ವ್ಯಾಪಾರಿಯಿದ್ದ. ಹದಿನೇಳನೆಯ ವಯಸ್ಸಿನಲ್ಲಿ ಹಳೇ ಪೇಟೆಯ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದವನು. ಅಲ್ಲಿ ಅವನ ವಯಸ್ಸಿನವನೇ ಇನ್ನೊಬ್ಬ ಗುಮಾಸ್ತನಿದ್ದ. ಇಬ್ಬರೂ ಒಂದೇ ಡಬ್ಬಿಯ ಊಟ ಹಂಚಿಕೊಂಡು ಬೆಳೆದರು. ಗಿರಾಕಿ ಮೆಟ್ಟಿಲು ಹತ್ತುವಾಗಲೇ, ಇವರು ಮದುವೆಯ ಬಟ್ಟೆಗೆ ಬಂದವರೋ ತೊಟ್ಟಿಲ ಶಾಸ್ತ್ರಕ್ಕೆ ಬಂದವರೋ ಎಂದು ಗುಮಾಸ್ತ ಹೇಳಿಬಿಡುತ್ತಿದ್ದ. ಆ ವಿದ್ಯೆ ವ್ಯಾಪಾರಿಗೆ ಬರಲಿಲ್ಲ. ಆದರೆ ಅವನಿಗೆ ಧೈರ್ಯವಿತ್ತು. ಕೆಲಸ ಬಿಟ್ಟ, ಸ್ವಂತ ವ್ಯಾಪಾರ ಹಿಡಿದ, ಬೆಳೆದ. ನಲವತ್ತರ ಹೊತ್ತಿಗೆ ಊರ ಹೊರಗೆ, ಹೆದ್ದಾರಿಯ ಪಕ್ಕ, ಅರ್ಧ ಬೆಲೆಯ ಮಾಲ್ ಕಟ್ಟಿದ.

ತೆರೆದ ದಿನ ಊರಿಗೆ ಊರೇ ಬಂತು. ಗುಮಾಸ್ತನೂ ಹೆಂಡತಿ, ಮಗಳನ್ನು ಕರೆದುಕೊಂಡು ಬಂದ. ಮಗಳಿಗೊಂದು ಹಳದಿ ಫ್ರಾಕು ಕೊಂಡ. ಗೆಳೆಯನ ಕೈ ಹಿಡಿದು, ನಿನ್ನಿಂದ ನಮ್ಮೂರಿಗೆ ಹೆಸರು ಬಂತು ಎಂದ. ಕೊರಳಿಗೆ ಬಿದ್ದ ಎಲ್ಲ ಹಾರಗಳಿಗಿಂತ ಆ ಮಾತು ವ್ಯಾಪಾರಿಗೆ ಹಿತವಾಯಿತು.

ಒಂದು ವರ್ಷ ಮಾಲ್ ತುಂಬಿ ತುಳುಕಿತು. ಆ ವರ್ಷದಲ್ಲೇ ಹಳೇ ಪೇಟೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಟೈಲರ್‌ಗಳು ಮಷಿನ್ ಮಾರಿದರು. ಇಬ್ಬರೂ ಬೆಳೆದ ಜವಳಿ ಅಂಗಡಿಯೂ ಮುಚ್ಚಿತು. ಗುಮಾಸ್ತ ಮಾಲಿಗೆ ಬಂದು ಕೆಲಸ ಕೇಳಿದ. ಚಿಕ್ಕ ವಯಸ್ಸಿನವರು, ಇಂಗ್ಲಿಷ್ ಬಲ್ಲವರು ಮಾತ್ರ ಬೇಕೆಂದು ಕಂಪನಿಗಳ ಷರತ್ತಿದೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದು ವ್ಯಾಪಾರಿ ವಿವರಿಸಿದ. ಅವನು ಹೇಳಿದ್ದು ಸುಳ್ಳಲ್ಲ. ಕೊಟ್ಟ ಚಹಾ ಕುಡಿದು, ಆಗಲಿ ಎಂದು ಗುಮಾಸ್ತ ಎದ್ದು ಹೋದ.

ಎರಡನೆಯ ವರ್ಷ ಜನ ಕಡಿಮೆಯಾದರು. ವ್ಯಾಪಾರಿ ಬೆಲೆ ಇನ್ನಷ್ಟು ಇಳಿಸಿದ. ಊರಿನಿಂದ ಪುಕ್ಕಟೆ ಬಸ್ಸು ಬಿಟ್ಟ. ಅದು ಖಾಲಿ ಬಂದು ಖಾಲಿ ಹೋಯಿತು. ಆಗ ಅವನಿಗೆ ಗೆಳೆಯನ ನೆನಪಾಯಿತು. ಗಿರಾಕಿಯ ಮನಸ್ಸು ಬಲ್ಲವನು ಅವನೊಬ್ಬನೇ. ಒಂದು ಬೆಳಿಗ್ಗೆ ಅವನ ಮನೆಗೆ ಹೋದ.

ಬಾಗಿಲು ತೆಗೆದವಳು ಗುಮಾಸ್ತನ ಹೆಂಡತಿ. ಗಂಡ ದೂರದ ಊರಿನ ಗೋದಾಮಿಗೆ ಮೂಟೆ ಹೊರಲು ಹೋಗಿ ಎಂಟು ತಿಂಗಳಾಯಿತು ಎಂದಳು. ಎದೆ ನೋವೆಂದು ಫೋನಿನಲ್ಲಿ ಹೇಳುತ್ತಾರೆ, ಬನ್ನಿ ಎಂದರೆ ಬಂದು ಏನು ಮಾಡಲಿ ಎನ್ನುತ್ತಾರೆ ಎಂದಳು. ಆ ಬೀದಿಯಲ್ಲಿ ಹಾಗೆ ಊರು ಬಿಟ್ಟವರು ಮನೆಗೊಬ್ಬರಿದ್ದರು.

ವ್ಯಾಪಾರಿ ತಾನು ಕೇಳಲು ಬಂದದ್ದನ್ನೇ ಕೇಳಿದ. "ನಮ್ಮಲ್ಲಿ ಈಗಲೂ ಎಲ್ಲ ಅರ್ಧ ಬೆಲೆಯಮ್ಮ. ಜನ ಯಾಕೆ ಬರುತ್ತಿಲ್ಲ?"

"ಅರ್ಧ ಬೆಲೆ ಅಂತ ಎಲ್ಲರಿಗೂ ಗೊತ್ತು ಅಣ್ಣಾ. ಆ ಅರ್ಧವನ್ನು ದುಡಿದು ತರುವವರು ಊರಲ್ಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅಂದೇ ಗೋದಾಮಿಗೆ ಹೇಳಿಕಳಿಸಿದ: ಬಂದುಬಿಡು, ಷರತ್ತು ಏನಾದರೂ ಆಗಲಿ, ನನ್ನ ಪಕ್ಕದಲ್ಲಿ ಕೂತಿರು. ಮೂರನೆಯ ದಿನ ಗುಮಾಸ್ತನ ಶವ ಬಂತು. ಮೂಟೆ ಹೊತ್ತು ಮೆಟ್ಟಿಲು ಹತ್ತುವಾಗ ಕುಸಿದನಂತೆ. ಹೇಳಿಕಳಿಸಿದ್ದು ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಬೀದಿಯಲ್ಲಿ ಗಟ್ಟಿ ಗಂಡಸರು ಮೂವರೇ ಉಳಿದಿದ್ದರು. ನಾಲ್ಕನೆಯ ಹೆಗಲು ವ್ಯಾಪಾರಿ ಕೊಟ್ಟ. ಮಳೆಗಾಲಕ್ಕೆ ಮುಂಚೆ ಮಾಲ್ ಮುಚ್ಚಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರ ಬಹಳ ಯೋಚಿಸಿ ಕೇಳಿದ: "ತಿಳಿಯಿತು ಬುದ್ಧಿ. ಹಳೇ ಪೇಟೆಯವರಿಗೂ ಒಳಗೆ ಜಾಗ ಕೊಟ್ಟಿದ್ದರೆ ಆ ಮಾಲ್ ಉಳಿಯುತ್ತಿತ್ತು, ಅಲ್ಲವೇ?"

"ನಾನು ಮನುಷ್ಯ ಸತ್ತ ಕತೆ ಹೇಳಿದೆ ಮಗು, ನೀನು ಇನ್ನೂ ಮಾಲನ್ನೇ ಉಳಿಸುತ್ತಿದ್ದೀಯ" ಎಂದರು ಗುರುಗಳು.