ನಡುವೆ ನಿಂತ ಮಗಳು

"ಗುರುಗಳೇ, ನಾನು ನನ್ನ ಮಗನನ್ನು ಒಮ್ಮೆಯೂ ಹೊಡೆದವನಲ್ಲ, ಗದರಿದವನಲ್ಲ. ಆದರೂ ಅವನು ಶಾಲೆಯಲ್ಲಿ ಎಲ್ಲರಿಗೂ ಹೆದರಿಕೊಂಡೇ ಇರುತ್ತಾನಂತೆ. ಈ ಹೆದರಿಕೆ ಎಲ್ಲಿಂದ ಬಂತು?" ಎಂದು ಚನ್ನಮಲ್ಲನೆಂಬ ಶಿಷ್ಯ ಕೇಳಿದ. ದಣಿದವನ ದನಿ ಅದು.

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಹೆಂಡತಿಯ ತಮ್ಮನ ಮದುವೆಗೆ ಅವನು ಹೋಗಲಿಲ್ಲ. ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಳು. ಮೊದಮೊದಲು ಅವನಿಗೆ ಕೋಪ ಬಂತು. ಆಮೇಲೆ ಬೇಸರವಾಯಿತು. ಕೊನೆಗೆ ಅದೇ ರೂಢಿಯಾಯಿತು. ಏನೇ ಹೇಳುವುದಿದ್ದರೂ ಇಬ್ಬರೂ ಮಗಳು ನೀಲವ್ವನ ಕೈಲಿ ಹೇಳಿಸುತ್ತಿದ್ದರು. ಅವಳು ಆಗಿನ್ನೂ ಎರಡನೆಯ ತರಗತಿಯ ಹುಡುಗಿ.

"ಉಣ್ಣುವುದಾದರೆ ಉಣ್ಣಲಿ, ಇಲ್ಲದಿದ್ದರೆ ಬಿಡಲಿ ಅಂತ ಹೇಳು" ಎಂದು ತಾಯಿ ಒಳಗಿನಿಂದ ಅನ್ನುತ್ತಿದ್ದಳು. ಹುಡುಗಿ ಮಗ್ಗದ ಬಳಿಗೆ ಬಂದು, "ಅಪ್ಪಾ, ಅವ್ವ ಊಟಕ್ಕೆ ಕಾಯುತ್ತಿದ್ದಾಳೆ" ಎನ್ನುತ್ತಿದ್ದಳು. ಹೆಂಡತಿ ಆಡಿದ್ದು ನೇಕಾರನಿಗೆ ಆಗಲೇ ಕೇಳಿಸಿರುತ್ತಿತ್ತು. ಆದರೂ ಎದ್ದು ಹೋಗಿ ಉಣ್ಣುತ್ತಿದ್ದ. ಮಗಳು ಜಾಣೆ ಎಂದುಕೊಳ್ಳುತ್ತಿದ್ದ.

ಶಾಲೆಯಲ್ಲೂ ಅವಳಿಗೆ ಒಳ್ಳೆಯ ಹೆಸರಿತ್ತು. ಯಾರಾದರೂ ಮುನಿಸಿಕೊಂಡರೆ ಅವಳೇ ಹೋಗಿ ರಾಜಿ ಮಾಡಿಸುತ್ತಿದ್ದಳು. ಒಂದು ದಿನ ಶಾಲೆಯಲ್ಲಿ ಕಲಿಸುವ ಅಕ್ಕೋರು ಮನೆಗೆ ಬಂದರು. "ಯಾವ ಆಟ ಆಡೋಣ ಎಂದು ಮಕ್ಕಳನ್ನೆಲ್ಲ ಕೇಳಿದೆ. ಯಾರಿಗೆ ಯಾವುದು ಇಷ್ಟವೆಂದು ನಿಮ್ಮ ಮಗಳು ಎಲ್ಲರದೂ ಹೇಳಿದಳು. ನಿನಗೇನು ಇಷ್ಟ ಎಂದರೆ ಅತ್ತುಬಿಟ್ಟಳು" ಎಂದರು.

ಆ ಸಂಜೆ ನೇಕಾರನಿಗೆ ಮಗ್ಗದಲ್ಲಿ ಕೂರಲಾಗಲಿಲ್ಲ. ಅಡುಗೆಮನೆಗೆ ಹೋಗಿ ಹೆಂಡತಿಯ ಎದುರು ಕುಳಿತ.

"ಮದುವೆಗೆ ಬರಬೇಕಿತ್ತು. ತಪ್ಪಾಯಿತು" ಎಂದ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ಬರೂ ಮಗಳನ್ನು ಕರೆದು ಕೂರಿಸಿಕೊಂಡು, ನಿನಗೇನು ಬೇಕು ಹೇಳು ಎಂದರು. ಹುಡುಗಿ ಅಪ್ಪನ ಮುಖ ನೋಡಿದಳು. ಅವ್ವನ ಮುಖ ನೋಡಿದಳು. ಏನು ಹೇಳಿದರೆ ಯಾರಿಗೂ ನೋವಾಗದು ಎಂದು ಅವಳು ಹುಡುಕುತ್ತಿದ್ದಾಳೆಂಬುದು ನೇಕಾರನಿಗೆ ಆಗ ತಿಳಿಯಿತು.

ಗಂಡ ಹೆಂಡತಿ ಮತ್ತೆಂದೂ ಮಾತು ಬಿಡಲಿಲ್ಲ. ಆದರೆ ಅವರು ಮಾತಿಗೆ ಕುಳಿತಾಗಲೆಲ್ಲ ಮಗಳು ಆಟ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ದನಿ ಏರೀತೇನೋ ಎಂದು ಕಿವಿಗೊಡುತ್ತಿದ್ದಳು. ವರ್ಷಗಟ್ಟಲೆ ಹಾಗೆಯೇ ನಿಂತಳು.

ಕತೆ ಅಷ್ಟಕ್ಕೆ ನಿಂತಿತು. "ಹಾಗಾದರೆ ನನ್ನ ಮಗನಿಗೆ ನಾನೇನು ಮಾಡಲಿ?" ಎಂದು ಚನ್ನಮಲ್ಲ ಕೇಳಿದ.

ಗುರುಗಳು, "ಇದನ್ನು ನಿನ್ನ ಹೆಂಡತಿಯೊಡನೆ ಮಾತಾಡಿದ್ದೀಯಾ?" ಎಂದರು.

ಚನ್ನಮಲ್ಲ ಎದ್ದು ಮನೆಯ ದಾರಿ ಹಿಡಿದ.